‘ಅವರೂ ನಮ್ಮ ಹಾಗೆಯೇ’ ಎಂದು ನಂಬಿ ನಾನು ಕೆಟ್ಟ ಬಗೆ

ಬೈಬಲು ಹುಟ್ಟಿದ್ದು ಏಷ್ಯಾದಲ್ಲಿ, ನಾವೂ ಏಷ್ಯಾದವರು, ಪಾಶ್ಚಾತ್ಯರ ಕನ್ನಡಕ ತೆಗೆದಿಟ್ಟರೆ ನಮಗೆ ಅದು ಸರಿಯಾಗಿಯೇ ಅರ್ಥವಾಗಬೇಕಲ್ಲವೇ, ಅದಕ್ಕೆ ಯಾವ ವ್ಯಾಖ್ಯಾನ ಕೊಳ್ಳಲಿ ಎಂದು ಕೇಳಿದ್ದೀರಿ. ಹದಿನೈದು ವರ್ಷದ ಹಿಂದೆ ನಾನು ಇದೇ ಮಾತನ್ನು ಇಷ್ಟೇ ಹುಮ್ಮಸ್ಸಿನಿಂದ ಆಡುತ್ತಿದ್ದೆ. ಅದರ ದೆಸೆಯಿಂದ ನನ್ನ ಒಡಹುಟ್ಟಿದ ತಮ್ಮ ಒಂಬತ್ತು ವರ್ಷ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ.

ನಮ್ಮದು ಗದಗ ಸೀಮೆ. ಬಾಸೆಲ್ ಮಿಷನ್ನಿನ ಕಾಲದಲ್ಲಿ ಕ್ರೈಸ್ತರಾದ ಮನೆತನ. ಅಪ್ಪ ಶಾಲಾ ಮಾಸ್ತರರಾಗಿದ್ದರು. ನಾನು ಬ್ಯಾಂಕಿನ ಗುಮಾಸ್ತ. ಸಭಾಪಾಲಕರು ಊರಲ್ಲಿ ಇಲ್ಲದ ಭಾನುವಾರ ಚರ್ಚಿನಲ್ಲಿ ಪ್ರಸಂಗ, ಅಂದರೆ ಉಪದೇಶ, ಮಾಡುವ ಕೆಲಸ ನನ್ನ ಪಾಲಿಗೆ ಬರುತ್ತಿತ್ತು.

ನನಗೆ ಈ ಹುಚ್ಚು ಹತ್ತಿದ್ದು ಗೋದಲಿಯಿಂದ. ಛತ್ರದಲ್ಲಿ ಸ್ಥಳವಿಲ್ಲದ್ದರಿಂದ ಮರಿಯಳು ಕೂಸು ಯೇಸುವನ್ನು ಗೋದಲಿಯಲ್ಲಿ ಮಲಗಿಸಿದಳು ಎಂದು ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿದೆ. ಪ್ರತಿ ಕ್ರಿಸ್‌ಮಸ್ ನಾಟಕದಲ್ಲೂ ಛತ್ರದ ಯಜಮಾನನೊಬ್ಬ ಬಾಗಿಲು ಬಡಿದು ಮುಚ್ಚುತ್ತಾನೆ; ನಾನೇ ಎರಡು ಸಲ ಆ ಪಾತ್ರ ಮಾಡಿದ್ದೇನೆ. ಮೂಲದಲ್ಲಿ ಅಂಥ ಯಜಮಾನನೇ ಇಲ್ಲ. ಅಲ್ಲಿರುವ ಗ್ರೀಕ್ ಶಬ್ದ ‘ಕತಾಲುಮ’. ಯೇಸುವಿನ ಕಡೆಯ ಊಟ ನಡೆದ ಕೋಣೆಗೂ ಲೂಕ ಇದೇ ಶಬ್ದ ಬಳಸುತ್ತಾನೆ. ದುಡ್ಡು ಕೊಟ್ಟು ತಂಗುವ ಜಾಗ ಬೇಕಾದಾಗ, ಅಂದರೆ ಒಳ್ಳೆಯ ಸಮಾರ್ಯದವನ ಕಥೆಯಲ್ಲಿ, ಅವನು ‘ಪಂದೊಖೆಯೊನ್’ ಎನ್ನುತ್ತಾನೆ. ಹಾಗಾಗಿ ಬೇತ್ಲೆಹೇಮಿನಲ್ಲಿ ತುಂಬಿಹೋಗಿದ್ದು ಯಾರದೋ ಮನೆಯ ಅತಿಥಿಗಳ ಕೋಣೆ, ಕೂಸು ಮಲಗಿದ್ದು ಅದೇ ಮನೆಯೊಳಗಿನ ಗೋದಲಿಯಲ್ಲಿ ಎಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಆ ಸೀಮೆಯ ರೈತರು ರಾತ್ರಿ ದನಗಳನ್ನು ಮನೆಯೊಳಗಿನ ತಗ್ಗಿನ ಭಾಗದಲ್ಲಿ ಕಟ್ಟುತ್ತಿದ್ದರು.

ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಅದು ನಮ್ಮ ಅಜ್ಜನ ಮನೆ! ತಲಬಾಗಿಲು ದಾಟಿದರೆ ಎಡಕ್ಕೆ ಎತ್ತುಗಳು, ಎರಡು ಮೆಟ್ಟಿಲು ಹತ್ತಿದರೆ ಪಡಸಾಲೆ. ವಿಲಾಯತಿ ಪಂಡಿತರು ಗ್ರೀಕ್ ನಿಘಂಟು ತಿರುವಿ ಕಂಡುಕೊಂಡದ್ದು ನಮ್ಮ ಅಜ್ಜಿಗೆ ಮೊದಲೇ ಗೊತ್ತಿತ್ತು ಎಂದು ಎದುರು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಹೇಳಿದ್ದು ಸುಳ್ಳೇನಲ್ಲ. ಆದರೆ ಒಂದು ಪುಟ ನಮ್ಮ ಅಜ್ಜನ ಮನೆಯಂತಿದೆ ಎಂದಮಾತ್ರಕ್ಕೆ ಇಡೀ ಪುಸ್ತಕವೇ ನಮ್ಮ ಅಜ್ಜನ ಮನೆ ಎಂದುಕೊಂಡೆ.

2011ರ ಬೇಸಿಗೆಯಲ್ಲಿ ತಮ್ಮ ಪುಣೆಯಿಂದ ಬಂದ. ಅಲ್ಲಿ ಮೆಕ್ಯಾನಿಕ್ ಆಗಿದ್ದ. ಸ್ವಂತ ಗ್ಯಾರೇಜ್ ಹಾಕಬೇಕು, ಮೂರೂವರೆ ಎಕರೆ ಎರೆ ಹೊಲದಲ್ಲಿ ತನ್ನ ಪಾಲು ಬಿಡಿಸಿ ಕೊಡಿ ಎಂದು ಅಪ್ಪನನ್ನು ಕೇಳಿದ. ಅಪ್ಪ ನೋಡೋಣ ಎಂದರು. ಮುಂದಿನ ಭಾನುವಾರ ಪ್ರಸಂಗದ ಸರದಿ ನನ್ನದು. ಲೂಕ 15, ತಪ್ಪಿಹೋದ ಮಗನ ಸಾಮ್ಯ, ಯೇಸು ಹೇಳಿದ ದೃಷ್ಟಾಂತ ಕಥೆ: ಕಿರಿಯ ಮಗ ತಂದೆಯಿಂದ ಪಾಲು ಪಡೆದು ದೂರದೇಶಕ್ಕೆ ಹೋಗಿ ದುಂದು ಮಾಡುತ್ತಾನೆ, ಬರ ಬಿದ್ದಾಗ ಹಂದಿ ಮೇಯಿಸುತ್ತ ಹಸಿಯುತ್ತಾನೆ, ಮರಳಿ ಬಂದಾಗ ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸಿ ಹಬ್ಬ ಮಾಡುತ್ತಾನೆ. ಭಾಗವನ್ನು ನಾನು ಆರಿಸಿಕೊಂಡಿದ್ದಲ್ಲ, ಆ ವಾರದ ಪಾಠ ಅದೇ ಇತ್ತು. ಹಾಗೆಂದು ನನಗೆ ನಾನೇ ಹೇಳಿಕೊಂಡೆ.

ಮಧ್ಯಪ್ರಾಚ್ಯದಲ್ಲಿ ದಶಕಗಟ್ಟಲೆ ಬಾಳಿ ಪಾಠ ಹೇಳಿದ ಕೆನೆತ್ ಬೇಯ್ಲಿ ಎಂಬ ಅಮೆರಿಕದ ವಿದ್ವಾಂಸರಿದ್ದರು. ಅಪ್ಪ ಬದುಕಿರುವಾಗ ಮಗ ಪಾಲು ಕೇಳಿದರೆ ಅದರ ಅರ್ಥವೇನು ಎಂದು ಅವರು ಹಳ್ಳಿಹಳ್ಳಿಗಳಲ್ಲಿ ಕೇಳಿದರು. ‘ಅಪ್ಪ ಸಾಯಲಿ ಎಂದರ್ಥ’ ಎಂಬ ಉತ್ತರವೇ ಎಲ್ಲೆಡೆ ಬಂತಂತೆ. ಮೊರಾಕ್ಕೋದಿಂದ ಭಾರತದವರೆಗೆ ವಿಚಾರಿಸಿದ್ದೇನೆ ಎಂದು ಬರೆದಿದ್ದಾರೆ. ‘ಭಾರತ’ ಎಂಬ ಶಬ್ದ ಕಂಡದ್ದೇ ತಡ, ನಾನು ವೇದಿಕೆಯ ಮೇಲೆ ನಿಂತು, “ಬದುಕಿರುವ ತಂದೆಯ ಮುಂದೆ ಪಾಲು ಕೇಳುವ ಮಗ ಕೇಳುವುದು ಹೊಲವನ್ನಲ್ಲ, ತಂದೆಯ ಹೆಣವನ್ನು” ಎಂದುಬಿಟ್ಟೆ. ತಮ್ಮ ಮೂರನೆಯ ಬೆಂಚಿನಲ್ಲಿದ್ದ. ಆರಾಧನೆ ಮುಗಿಯುವವರೆಗೂ ಕುಳಿತಿದ್ದ. ಮನೆಯಲ್ಲಿ ಅವ್ವ ನಾಲ್ಕು ತಾಟು ಹಾಕಿ ಕಾಯುತ್ತಿದ್ದಳು. ಅವನು ಊಟಕ್ಕೆ ಬರಲಿಲ್ಲ, ಮಧ್ಯಾಹ್ನದ ಬಸ್ ಹಿಡಿದಿದ್ದ.

ನನ್ನ ತಪ್ಪನ್ನು ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ. ತಮ್ಮನಿಗೆ ಸಭೆಯ ಮುಂದೆ ಚುಚ್ಚಿದ್ದು ಕೆಟ್ಟದ್ದೇ. ಆದರೆ ಅದಕ್ಕೂ ಹಿಂದೆ ನಡೆದದ್ದು ಬೇರೆ. ಇಪ್ಪತ್ತನೆಯ ಶತಮಾನದ ಅರಬ್ ಹಳ್ಳಿಯೂ ಮೊದಲನೆಯ ಶತಮಾನದ ಯೆಹೂದಿ ಹಳ್ಳಿಯೂ ಒಂದೇ ಎಂದು ತಿಳಿದೆ. ಆ ಯೆಹೂದಿ ಹಳ್ಳಿಯೂ ನಮ್ಮ ಹಳ್ಳಿಯೂ ಒಂದೇ ಎಂದು ಮತ್ತೆ ತಿಳಿದೆ. ಎರಡು ಕಡೆಯೂ ಸಮ ಚಿಹ್ನೆ ಹಾಕಿದ್ದು ನಾನು, ಬೇಯ್ಲಿಯವರಲ್ಲ. ಅವರು ಭಾರತದಲ್ಲಿ ಯಾರನ್ನು ಕೇಳಿದರೋ, ನಮ್ಮ ತಹಶೀಲ್ದಾರ ಕಚೇರಿಯ ಮುಂದೆ ಕಾಗದ ಹಿಡಿದು ನಿಂತವರನ್ನಂತೂ ಕೇಳಿರಲಿಕ್ಕಿಲ್ಲ!

ನಮ್ಮ ನಾಡಿನಲ್ಲಿ ಮಗನಿಗೆ ಪಿತ್ರಾರ್ಜಿತದ ಮೇಲೆ ಹುಟ್ಟಿನಿಂದಲೇ ಹಕ್ಕು ಎಂಬ ಮಾತು ಮಿತಾಕ್ಷರ ಎಂಬ ಧರ್ಮಶಾಸ್ತ್ರ ಗ್ರಂಥದಿಂದ ಬಂದದ್ದು. ಅದನ್ನು ಬರೆದ ವಿಜ್ಞಾನೇಶ್ವರ ಇದ್ದದ್ದು ಎಲ್ಲಿ? ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ. ಕ್ರೈಸ್ತರಾದ ನಮಗೆ ಕಾಯಿದೆ ಬೇರೆ, 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಅದರಲ್ಲಿ ಅಪ್ಪ ಬದುಕಿರುವವರೆಗೆ ಮಕ್ಕಳಿಗೆ ಏನೂ ಇಲ್ಲ. ಆದರೆ ಓಣಿಯಲ್ಲಿ ಅಕ್ಕಪಕ್ಕದ ಮನೆಗಳ ಹುಡುಗರೆಲ್ಲ ಪಾಲು ಕೇಳುವುದನ್ನು ನೋಡುತ್ತ ಬೆಳೆದವನು ತಮ್ಮ. ಅವರಂತೆಯೇ ಕೇಳಿದ. ಅವನ ಬಾಯಲ್ಲಿ ಅದು ಸಾವಿನ ಮಾತಾಗಿರಲಿಲ್ಲ, ಅಪ್ಪನ ಕಿವಿಗೂ ಆಗಿರಲಿಲ್ಲ. ಅಂದು ಸಂಜೆ ಅಪ್ಪ ನನ್ನನ್ನು ಕರೆದು, “ಅವನು ನನ್ನನ್ನು ಸಾಯಿ ಎನ್ನಲಿಲ್ಲ. ನೀನು ಅನ್ನಿಸಿದೆ” ಎಂದರು. ಆಮೇಲೆ ಆ ವಿಷಯ ಎತ್ತಲಿಲ್ಲ. 2016ರಲ್ಲಿ ಅವರು ತೀರಿಕೊಂಡಾಗ ತಮ್ಮ ನೇರ ಸ್ಮಶಾನಕ್ಕೆ ಬಂದು, ಮಣ್ಣು ಹಾಕಿ, ಅಲ್ಲಿಂದಲೇ ಹಿಂದಿರುಗಿದ.

ಇನ್ನು ಆ ಕಾಲದ ಯೆಹೂದಿಗಳಿಗಾದರೂ ಅದು ಸಾವಿನ ಮಾತಾಗಿತ್ತೇ? ಕಥೆಯಲ್ಲಿ ತಂದೆ ಸಿಟ್ಟಾದ ಎಂದಿಲ್ಲ. ಬದುಕಿರುವಾಗ ಆಸ್ತಿಯನ್ನು ಮಕ್ಕಳ ಕೈಗೆ ಕೊಡಬೇಡ, ಆಮೇಲೆ ನೀನೇ ಅವರ ಕೈ ನೋಡಬೇಕಾದೀತು ಎಂದು ಸಿರಾಖನ ಗ್ರಂಥ ಎಚ್ಚರಿಸುತ್ತದೆ. ಇದು ಕಥೋಲಿಕರ ಬೈಬಲಿನಲ್ಲಿದೆ, ನಮ್ಮ ಸತ್ಯವೇದದಲ್ಲಿಲ್ಲ, ಹೀಗಾಗಿ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಬೇಡ ಎಂದು ಬರೆಯಬೇಕಾಗಿತ್ತೆಂದರೆ ಕೊಡುವವರು ಇದ್ದರು ಎಂದಾಯಿತು. ಬುದ್ಧಿಗೇಡಿತನ ಎನ್ನಿ, ಪಿತೃಹತ್ಯೆ ಎಂದೇಕೆ ಎನ್ನಬೇಕು?

ಹಾಗಾದರೆ ಎಲ್ಲ ಕನ್ನಡಕ ತೆಗೆದಿಡಬೇಕೇ? ಸಾಧ್ಯವಿಲ್ಲ. ನಿಮ್ಮ ಪ್ರಶ್ನೆಯಲ್ಲಿ ನಾನು ಒಪ್ಪದಿರುವುದು ಇದನ್ನೇ. ಪಾಶ್ಚಾತ್ಯರದೊಂದು ಕನ್ನಡಕ, ನಮ್ಮದು ಬರಿಗಣ್ಣು ಎಂದುಕೊಂಡಿದ್ದೀರಿ. ವಿಚಿತ್ರವಾಗಿ ಕಾಣುವ ಕಡೆ, ಬೈಬಲಿನ ಯಾಜಕಕಾಂಡದ ಬಲಿಗಳು, ಪ್ರಕಟನೆ ಗ್ರಂಥದ ಮೃಗಗಳು ಬಂದಾಗ, ಯಾರಾದರೂ ನಿಂತು ಇನ್ನೊಬ್ಬರನ್ನು ಕೇಳುತ್ತಾರೆ. ಅಲ್ಲಿ ಯಾರೂ ಬೀಳುವುದಿಲ್ಲ. ‘ಇದು ನಮ್ಮ ಮನೆಯ ಮಾತು’ ಎನಿಸಿದ ಕಡೆಯೇ ಕಾಲು ಜಾರುತ್ತದೆ.

ಮಾರ್ಕ್ ಅಲನ್ ಪವೆಲ್ ಎಂಬ ಇನ್ನೊಬ್ಬ ಅಮೆರಿಕನ್ ವಿದ್ವಾಂಸರು ಇದೇ ಸಾಮ್ಯವನ್ನು ಓದಿಸಿ, ಪುಸ್ತಕ ಮುಚ್ಚಿಸಿ, ನೆನಪಿನಿಂದ ಹೇಳಿ ಎಂದರು. ಅಮೆರಿಕದ 100 ವಿದ್ಯಾರ್ಥಿಗಳಲ್ಲಿ ಬರಗಾಲವನ್ನು ನೆನೆದವರು 6 ಮಂದಿ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ 50 ಮಂದಿಯಲ್ಲಿ 42. ಅದು 1941ರಿಂದ 1944ರವರೆಗೆ ಮುತ್ತಿಗೆಯಲ್ಲಿ ಹಸಿದು ಲಕ್ಷಾಂತರ ಜನ ಸತ್ತ ಲೆನಿನ್‌ಗ್ರಾಡ್ ನಗರ. ಅಮೆರಿಕದವರಿಗೆ ಹುಡುಗ ದುಂದುಗಾರ, ರಷ್ಯದವರಿಗೆ ಬರಕ್ಕೆ ಸಿಕ್ಕವನು. ಇಬ್ಬರೂ ಓದಿದ್ದು ಅದೇ ಪುಟವನ್ನೇ.

ಇದು ಗೊತ್ತಾದ ಮೇಲೆ ಅವ್ವನಿಗೆ ಅಧ್ಯಾಯ ಓದಿ ಹೇಳಿ, ಈಗ ನೀನು ಹೇಳು ಎಂದೆ. 1972ರ ಬರದಲ್ಲಿ ಗೋವಿನಜೋಳದ ನುಚ್ಚು ತಿಂದು ಬದುಕಿದವಳು. “ಆ ದೇಶಕ್ಕೆ ಬರ ಬಿತ್ತು” ಎಂದೇ ಶುರು ಮಾಡಿದಳು. ದುಂದು ಮಾಡಿದ್ದು ಅವಳ ಕಥೆಯಲ್ಲಿ ಬರಲೇ ಇಲ್ಲ. ನಮ್ಮ ಸಭೆಯಲ್ಲಿ ಹಂದಿ ಸಾಕಿ ಮೂವರು ಮಕ್ಕಳನ್ನು ಓದಿಸಿದ ತಾಯಿಯೊಬ್ಬರಿದ್ದಾರೆ. ಹಂದಿ ಮೇಯಿಸುವ ಗತಿ ಬಂತಲ್ಲ ಎಂದು ನಾವು ಪ್ರಸಂಗದಲ್ಲಿ ಮೂಗು ಮುರಿಯುವಾಗ ಅವರು ಅಷ್ಟು ವರ್ಷ ಸುಮ್ಮನೆ ಕುಳಿತಿದ್ದರು. ಕೇಳಿದಾಗ ಹೇಳಿದರು: “ಹಂದಿಗೆ ಮೇವು ಇದೆ, ಕಾಯುವವನಿಗೆ ಊಟವಿಲ್ಲ. ಆ ದಣಿ ಎಂಥವನು?” ಆ ದಣಿಯನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಆದ್ದರಿಂದ ವ್ಯಾಖ್ಯಾನ ಸದ್ಯಕ್ಕೆ ಕೊಳ್ಳಬೇಡಿ. ನಿಮಗಿಂತ ಬಡವರು ಒಬ್ಬರು, ನಿಮ್ಮ ಮೇಲೆ ಮುನಿಸಿಕೊಂಡವರು ಒಬ್ಬರು, ಇಬ್ಬರ ಬಾಯಲ್ಲೂ ಒಂದು ಅಧ್ಯಾಯ ಹೇಳಿಸಿ. ನೀವು ಬಿಟ್ಟದ್ದೇನು ಎಂದು ಬರೆದಿಟ್ಟುಕೊಳ್ಳಿ. ಆಮೇಲೆ ಬೇಕಿದ್ದರೆ ಪುಸ್ತಕ. ಮೊದಲೇ ಪುಸ್ತಕ ಓದಿದರೆ ನನ್ನ ಹಾಗೆ ಅದನ್ನು ಕೋಲು ಮಾಡಿಕೊಳ್ಳುತ್ತೀರಿ.

ನನ್ನ ಮೇಲೆ ಮುನಿಸಿಕೊಂಡವನು 2020ರ ಮೇ ತಿಂಗಳಲ್ಲಿ ಬಂದ. ಲಾಕ್‌ಡೌನಿನಲ್ಲಿ ಪುಣೆಯ ಕೆಲಸ ನಿಂತಿತ್ತು. ಕೊಬ್ಬಿದ ಕರುವನ್ನು ಯಾರೂ ಕೊಯ್ಯಲಿಲ್ಲ. ಮಹಾರಾಷ್ಟ್ರದಿಂದ ಬಂದವನೆಂದು ಕ್ವಾರಂಟೈನ್ ಮಾಡಿ ಸರ್ಕಾರಿ ಶಾಲೆಯಲ್ಲಿ ಇಟ್ಟಿದ್ದರು. ನಾನು ಕಿಟಕಿಯ ಹೊರಗೆ ನಿಂತು ಬುತ್ತಿ ಕೊಡುತ್ತಿದ್ದೆ. ಐದಾರು ದಿನ ಮಾತಿಲ್ಲ. ಒಂದು ದಿನ ಧೈರ್ಯ ಮಾಡಿ, ಆ ಕಥೆಯನ್ನು ನೀನೊಮ್ಮೆ ಹೇಳು ಎಂದೆ. ಬಹಳ ಹೊತ್ತು ಸುಮ್ಮನಿದ್ದು, “ಒಬ್ಬನಿಗೆ ಇಬ್ಬರು ಮಕ್ಕಳಿದ್ದರು. ಕಿರಿಯವನು ಕೇಳಿದ. ತಂದೆ ಇಬ್ಬರಿಗೂ ಹಂಚಿಕೊಟ್ಟ” ಎಂದು ನಿಲ್ಲಿಸಿದ. ಮುಂದೆ ಎಂದೆ. “ಮುಂದಿನದು ಇರಲಿ. ಇಬ್ಬರಿಗೂ ಎಂದಿದೆ. ಹಿರಿಯವನೂ ತನ್ನ ಪಾಲು ತೆಗೆದುಕೊಂಡ, ಬೇಡ ಎನ್ನಲಿಲ್ಲ. ನಿನ್ನ ಪ್ರಸಂಗದಲ್ಲಿ ಅದು ಬರಲಿಲ್ಲ.”

ಮನೆಗೆ ಬಂದು ಲೂಕ 15:12 ತೆಗೆದು ನೋಡಿದೆ. ‘ಅವರಿಗೆ’ ಎಂದೇ ಇದೆ. ಹಂಚಿದ ಆಸ್ತಿಗೆ ಗ್ರೀಕಿನಲ್ಲಿ ‘ಬಿಯೊಸ್’ ಎಂಬ ಶಬ್ದ, ಬದುಕು ಎಂದರ್ಥ. ನಮ್ಮ ಕಡೆ ಆಸ್ತಿಗೂ ಬದುಕು ಎಂದೇ ಅನ್ನುತ್ತಾರೆ. ಬೈಬಲಿನ ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದ ಲೆಕ್ಕ ಹಿಡಿದರೆ ಹಿರಿಯವನಿಗೆ ಎರಡು ಪಾಲು, ಕಿರಿಯವನಿಗೆ ಒಂದು. ಈ ಮಾತನ್ನು ತಮ್ಮನಿಗೆ ಹೇಳಲು ಬಾಯಿ ತೆರೆದವನು ಮುಚ್ಚಿಕೊಂಡೆ.

ಹೊಲವನ್ನು ಸಮ ಪಾಲು ಮಾಡಲು 11ಇ ಎಂಬ ಅಳತೆ ನಕ್ಷೆಗೆ ಅರ್ಜಿ ಹಾಕಿದ್ದೇವೆ. ಭೂಮಾಪಕರು ಇನ್ನೂ ಬಂದಿಲ್ಲ.