ಗಿವಿಂಗ್ ಸರ್ಕಲ್ ಸೇರುವ ಮುನ್ನ: ದುಡ್ಡು ಯಾರ ಖಾತೆಗೆ ಹೋಗುತ್ತದೆ ಕೇಳಿ

ಎಚ್-1ಬಿ ಮೇಲೆ ಅಮೆರಿಕದ ರೆಡ್ಮಂಡಿಗೆ ಬಂದು ಎಂಟು ತಿಂಗಳಾಯಿತು, ಆಫೀಸಿನವರೊಬ್ಬರು ತಮ್ಮ ‘ಗಿವಿಂಗ್ ಸರ್ಕಲ್’ಗೆ ಕರೆಯುತ್ತಿದ್ದಾರೆ, ಮೂರು ತಿಂಗಳಿಗೊಮ್ಮೆ 100 ಡಾಲರ್ ಅಂತೆ, ಸೇರಬಹುದಾ, ವೀಸಾಕ್ಕೇನಾದರೂ ತೊಂದರೆಯಾ, ತೆರಿಗೆಯಲ್ಲಿ ಉಳಿತಾಯವಾಗುತ್ತದಾ ಎಂದು ಕೇಳಿದ್ದೀರಿ. ಖಂಡಿತ ಸೇರಿ. ಆದರೆ ಮೊದಲ ಚೆಕ್ ಬರೆಯುವ ಮುನ್ನ ಆ ದುಡ್ಡು ಯಾರ ಖಾತೆಗೆ ಹೋಗುತ್ತದೆ ಎಂದು ತಿಳಿದುಕೊಳ್ಳಿ. ಮುಂದಿನ ತೊಡಕುಗಳಲ್ಲಿ ಹೆಚ್ಚಿನವು ಹುಟ್ಟುವುದೇ ಅಲ್ಲಿ.

ನಮ್ಮ ಕಡೆ ವಂತಿಗೆ ಎತ್ತುತ್ತಾರಲ್ಲ, ಹೆಚ್ಚುಕಮ್ಮಿ ಅದೇ ಇದು. ಚೀಟಿಯಂತೆ ಸರದಿ ಬಂದಾಗ ಹಣ ನಿಮ್ಮ ಕೈಗೆ ಸಿಗುವುದಿಲ್ಲ, ಮುಯ್ಯಿಯಂತೆ ಯಾರೂ ಲೆಕ್ಕವಿಟ್ಟು ತೀರಿಸುವುದೂ ಇಲ್ಲ. ಊರಿನ ವಂತಿಗೆಯಲ್ಲಿ ಯಾವ ಕೆಲಸಕ್ಕೆ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಇಲ್ಲಿ ಕೊಟ್ಟವರೆಲ್ಲ ಕೂತು ಯಾವ ಸಂಸ್ಥೆಗೆ ಎಂದು ಮತ ಹಾಕುತ್ತಾರೆ.

ನಡೆಸುವ ಕ್ರಮದಲ್ಲಿ ಎರಡು ಬಗೆ ಮುಖ್ಯ. ಒಂದು, ಮಿಷಿಗನ್‌ನ ಜಾಕ್ಸನ್ ಊರಿನಲ್ಲಿ 2006ರಲ್ಲಿ ಶುರುವಾದ ಮಾದರಿ: ನೂರು ಜನ, ತಲಾ 100 ಡಾಲರ್, ವರ್ಷಕ್ಕೆ ನಾಲ್ಕು ಸಭೆ, ಒಂದೊಂದು ಸಭೆ ಒಂದೇ ಗಂಟೆ. ಸದಸ್ಯರು ಸೂಚಿಸಿದ ಸಂಸ್ಥೆಗಳಲ್ಲಿ ಮೂರು ಹೆಸರನ್ನು ಚೀಟಿ ಎತ್ತಿ ಆರಿಸುತ್ತಾರೆ, ಒಂದೊಂದಕ್ಕೆ ಐದು ನಿಮಿಷ ಮಾತು, ಆಮೇಲೆ ಮತ. ಗೆದ್ದ ಸಂಸ್ಥೆಯ ಹೆಸರಿಗೆ ಎಲ್ಲರೂ ಅಲ್ಲೇ ಚೆಕ್ ಬರೆಯುತ್ತಾರೆ, ಸೋತವರಿಗೆ ಮತ ಹಾಕಿದವರೂ ಬರೆಯಲೇಬೇಕು. ಇನ್ನೊಂದು, ಹಣವನ್ನೆಲ್ಲ ಒಂದು ಕಡೆ ಕೂಡಿಸಿ ಅರ್ಜಿ ಕರೆದು ದೊಡ್ಡ ಮೊತ್ತವನ್ನು ಒಟ್ಟಿಗೆ ಕೊಡುವುದು. ಸಿನ್ಸಿನಾಟಿಯಲ್ಲಿ 2001ರಲ್ಲಿ ಹುಟ್ಟಿದ ‘ಇಂಪ್ಯಾಕ್ಟ್ 100’ ಹೀಗೆ ನಡೆಯುತ್ತದೆ, ತಲೆಗೆ ವರ್ಷಕ್ಕೆ 1,000 ಡಾಲರ್. ಹಣದ ಜೊತೆ ತಮ್ಮ ಕಸುಬಿನ ಸಮಯವನ್ನೂ ಕೊಡುವ ‘ಸೋಷಿಯಲ್ ವೆಂಚರ್ ಪಾರ್ಟ್‌ನರ್ಸ್’ 1997ರಲ್ಲಿ ನಿಮ್ಮ ಪಕ್ಕದ ಸಿಯಾಟಲ್‌ನಲ್ಲೇ ಶುರುವಾದದ್ದು. ಈಗ ಬೆಂಗಳೂರಿನಲ್ಲೂ ಅದರ ಶಾಖೆ ಇದೆ.

ಮೊದಲ ಬಗೆಯಲ್ಲಿ ದುಡ್ಡು ಮಧ್ಯದಲ್ಲಿ ಎಲ್ಲೂ ನಿಲ್ಲುವುದಿಲ್ಲವಾದ್ದರಿಂದ ಕೇಳುವುದೇನಿಲ್ಲ. ಎರಡನೆಯದರಲ್ಲಿ ಹಣ ಎಲ್ಲೋ ಕೂತಿರಬೇಕಲ್ಲ? ಸರಿಯಾದ ಜಾಗವೆಂದರೆ ಕಮ್ಯುನಿಟಿ ಫೌಂಡೇಷನ್ (ಒಂದು ಊರಿನ ದೇಣಿಗೆ ನಿಧಿಗಳನ್ನು ನೋಡಿಕೊಳ್ಳುವ ಸಂಸ್ಥೆ) ಅಥವಾ ಬೇರೊಂದು 501(ಸಿ)(3), ಅಂದರೆ ತೆರಿಗೆ ವಿನಾಯಿತಿಯ ಮಾನ್ಯತೆಯಿರುವ, ಸಂಸ್ಥೆಯಲ್ಲಿ ಸರ್ಕಲ್ ಹೆಸರಿನ ನಿಧಿ. ಅವರು ನಿರ್ವಹಣಾ ಶುಲ್ಕ ಹಿಡಿಯುತ್ತಾರೆ. 25 ಜನ, ತಲಾ 100, ನಾಲ್ಕು ಸಲ ಅಂದರೆ ವರ್ಷಕ್ಕೆ 10,000 ಡಾಲರ್, ಶುಲ್ಕ ಶೇ. 5 ಇದ್ದರೆ ಸಂಸ್ಥೆಗೆ ಹೋಗುವುದು 9,500. ಕಾರ್ಡಿನಲ್ಲಿ ಕಟ್ಟಿದರೆ ಇನ್ನೂ ಎರಡು ಮೂರು ಪರ್ಸೆಂಟ್ ಸೋರುತ್ತದೆ, ಆದ್ದರಿಂದ ಚೆಕ್ ಅಥವಾ ಬ್ಯಾಂಕ್ ವರ್ಗಾವಣೆ ಮೇಲು. ಖಜಾಂಚಿಯ ಸ್ವಂತ ಖಾತೆಗೆ ಜೆಲ್ ಅಥವಾ ವೆನ್ಮೋ ಆ್ಯಪಿನಲ್ಲಿ ಹಾಕಿ ಅಂದರೆ ಒಪ್ಪಬೇಡಿ. ಆ ವ್ಯಕ್ತಿ ಎಷ್ಟೇ ಪ್ರಾಮಾಣಿಕರಾಗಿರಲಿ, ತೆರಿಗೆ ಕಾನೂನಿನ ಕಣ್ಣಿಗೆ ಅದು ನೀವು ಒಬ್ಬ ವ್ಯಕ್ತಿಗೆ ಕೊಟ್ಟ ಉಡುಗೊರೆ. ವಿನಾಯಿತಿ ನಿಮಗೆ ಸಿಗುವುದಿಲ್ಲ, ಅವರ ಖಾತೆಗೆ ಬಂದ ಸಾವಿರಾರು ಡಾಲರಿಗೆ ಅವರೇ ಉತ್ತರ ಕೊಡಬೇಕಾಗುತ್ತದೆ. ಗೆಳೆತನಗಳು ಇಂಥ ಕಡೆಯೇ ಕೆಡುವುದು.

ಇನ್ನು ಸಂಸ್ಥೆಯನ್ನು ಪರೀಕ್ಷಿಸುವ ವಿಚಾರ. ಚೆನ್ನಾಗಿ ಮಾತಾಡಿದವರಿಗೆ ಮತ ಬೀಳುವುದು ಎಲ್ಲ ಸರ್ಕಲ್‌ಗಳಲ್ಲೂ ಇರುವ ದೋಷ. ಇದಕ್ಕೆ ಮದ್ದು ಸಭೆಗೆ ಮೊದಲೇ ಅರ್ಧ ಗಂಟೆ ಕಾಗದ ಓದುವುದು. ಸಂಸ್ಥೆಯ ಒಂಬತ್ತು ಅಂಕಿಯ ಇಐಎನ್ (ತೆರಿಗೆ ಗುರುತಿನ ಸಂಖ್ಯೆ) ತೆಗೆದುಕೊಂಡು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಹುಡುಕು ಪುಟದಲ್ಲಿ ಹಾಕಿ. ಸತತ ಮೂರು ವರ್ಷ ವಾರ್ಷಿಕ ವರದಿ ಸಲ್ಲಿಸದ ಸಂಸ್ಥೆಯ ಮಾನ್ಯತೆ ತಾನಾಗಿಯೇ ರದ್ದಾಗುತ್ತದೆ, ಎಷ್ಟೋ ಸಣ್ಣ ಸಂಸ್ಥೆಗಳಿಗೆ ಅದು ಗೊತ್ತೂ ಇರುವುದಿಲ್ಲ. ವಾಷಿಂಗ್ಟನ್ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿಯ ನೋಂದಣಿಯನ್ನೂ ನೋಡಿ. ಆಮೇಲೆ ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆಯ ತಾಣದಲ್ಲಿ ಅವರ ವಾರ್ಷಿಕ ವರದಿ, ಅಂದರೆ ಫಾರ್ಮ್ 990, ಉಚಿತವಾಗಿ ಸಿಗುತ್ತದೆ. ಪಾರ್ಟ್ 7ರಲ್ಲಿ ಸಂಬಳ, 9ರಲ್ಲಿ ಖರ್ಚಿನ ವಿಂಗಡಣೆ, 10ರಲ್ಲಿ ಆಸ್ತಿ ಮತ್ತು ಸಾಲ ಇರುತ್ತವೆ. ಕೈಯಲ್ಲಿರುವ ನಗದನ್ನು ತಿಂಗಳ ಖರ್ಚಿನಿಂದ ಭಾಗಿಸಿ: ಒಂದು ತಿಂಗಳೂ ನಡೆಯದಷ್ಟಿದ್ದರೆ ಕಾರಣ ಕೇಳಬೇಕು. ವರದಿ ಒಂದೆರಡು ವರ್ಷ ಹಳೆಯದಾಗಿರುವುದು ಮಾಮೂಲಿ, ಅದಕ್ಕೆ ಸಂಶಯಪಡಬೇಡಿ. ವರ್ಷಕ್ಕೆ 50,000 ಡಾಲರ್‌ವರೆಗೆ ಮಾತ್ರ ಬರುವ ಸಂಸ್ಥೆಗಳು 990-ಎನ್ ಎಂಬ ಪುಟ್ಟ ಕಾರ್ಡ್ ಸಲ್ಲಿಸಿದರೆ ಸಾಕು, ಅದರಲ್ಲಿ ಲೆಕ್ಕವೇ ಇರುವುದಿಲ್ಲ. ಅಂಥವರ ಹತ್ತಿರ ಬಜೆಟ್ಟನ್ನು ನೇರವಾಗಿ ಕೇಳಿ ಪಡೆಯಿರಿ.

ಆಡಳಿತ ವೆಚ್ಚ ಶೇ. 10ಕ್ಕಿಂತ ಹೆಚ್ಚಿದ್ದರೆ ಬೇಡ ಅನ್ನುವವರು ನಿಮ್ಮ ಸರ್ಕಲ್‌ನಲ್ಲೂ ಇರುತ್ತಾರೆ. ಈ ಮಾತನ್ನು ಒಪ್ಪಲು ಆಗುವುದಿಲ್ಲ. ಬಡವರಿಗೆ ದಿನಸಿ ಹಂಚುವ ಸಂಸ್ಥೆಗೆ ಗೋಡೌನ್ ಬಾಡಿಗೆ, ಫ್ರೀಜರ್, ವ್ಯಾನಿನ ಡ್ರೈವರ್, ಲೆಕ್ಕ ಬರೆಯುವವರು ಎಲ್ಲ ಬೇಕು; ಅವರಿಲ್ಲದೆ ಅಕ್ಕಿಬೇಳೆ ತಾನಾಗಿ ನಡೆದು ಮನೆ ಸೇರುವುದಿಲ್ಲ. ಇಂಥದ್ದಕ್ಕೇ ಖರ್ಚು ಮಾಡಿ ಎಂದು ಕಟ್ಟುಹಾಕದೆ ಕೊಟ್ಟ ಹಣವೇ ಸಣ್ಣ ಸಂಸ್ಥೆಗೆ ಹೆಚ್ಚು ಉಪಯೋಗ. ಹಾಗೆಯೇ 2,500 ಡಾಲರ್ ಕೊಡಲು ಹನ್ನೆರಡು ಪುಟದ ಅರ್ಜಿ ಬರೆಸುವುದು ಅನ್ಯಾಯ. ಎರಡು ಪುಟ, ಅರ್ಧ ಗಂಟೆ ಮಾತು ಸಾಕು. ಸದಸ್ಯರಲ್ಲಿ ಯಾರಾದರೂ ಆ ಸಂಸ್ಥೆಯ ಬೋರ್ಡಿನಲ್ಲಿದ್ದರೆ ಮೊದಲೇ ಹೇಳಿ, ಮತದಿಂದ ಹೊರಗೆ ನಿಲ್ಲಬೇಕು. ಈ ನಿಯಮ ಬರವಣಿಗೆಯಲ್ಲಿ ಇರಲಿ.

ತೆರಿಗೆ. 250 ಡಾಲರ್ ಅಥವಾ ಹೆಚ್ಚಿನ ಪ್ರತಿ ದೇಣಿಗೆಗೆ ಸಂಸ್ಥೆಯಿಂದ ಲಿಖಿತ ರಸೀದಿ ಬೇಕು, ಬದಲಿಗೆ ಏನೂ ಕೊಟ್ಟಿಲ್ಲ ಎಂಬ ಸಾಲು ಅದರಲ್ಲಿರಬೇಕು, ರಿಟರ್ನ್ ಸಲ್ಲಿಸುವ ಮುನ್ನವೇ ಕೈಯಲ್ಲಿರಬೇಕು. ಅದಕ್ಕಿಂತ ಕಡಿಮೆಗೆ ಬ್ಯಾಂಕಿನ ದಾಖಲೆ ಸಾಕು. ಹೆಚ್ಚಿನವರು ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಳ್ಳುವುದರಿಂದ (ಖರ್ಚಿನ ಪಟ್ಟಿ ಕೊಡದೆ ಆದಾಯದಿಂದ ಕಳೆಯಬಹುದಾದ ನಿಗದಿತ ಮೊತ್ತ, 2025ಕ್ಕೆ ಒಬ್ಬರಿಗೆ 15,750, ದಂಪತಿಗೆ 31,500) ದೇಣಿಗೆಯಿಂದ ಬೇರೆ ಲಾಭ ಇರಲಿಲ್ಲ. 2026ರಿಂದ ಅಂಥವರೂ ನಗದು ದೇಣಿಗೆಗೆ 1,000, ದಂಪತಿ 2,000 ಡಾಲರ್‌ವರೆಗೆ ಕಳೆಯಬಹುದು. ಆದರೆ ಡೋನರ್ ಅಡ್ವೈಸ್ಡ್ ಫಂಡಿಗೆ (ಸಂಸ್ಥೆಯೊಂದು ಇಟ್ಟುಕೊಂಡು ದಾನಿಗಳ ಸಲಹೆಯಂತೆ ಹಂಚುವ ನಿಧಿಗೆ) ಕೊಟ್ಟದ್ದು ಇದಕ್ಕೆ ಸಲ್ಲುವುದಿಲ್ಲ, ಸರ್ಕಲ್‌ಗಳ ನಿಧಿ ಎಷ್ಟೋ ಸಲ ಇದೇ ರೂಪದಲ್ಲಿರುತ್ತದೆ. ಕಂಪನಿಯ ಮ್ಯಾಚಿಂಗ್ (ನೀವು ಕೊಟ್ಟದ್ದಕ್ಕೆ ಕಂಪನಿಯೂ ಸೇರಿಸುವ ಹಣ) ಕೂಡ ಅಂಥ ಫಂಡಿಗೆ ಬಹಳ ಕಡೆ ಸಿಗುವುದಿಲ್ಲ. ಸಂಸ್ಥೆಗೆ ನೇರವಾಗಿ ಕೊಟ್ಟರೆ ನಿಮ್ಮ 100 ಅಲ್ಲಿ 200 ಆಗಬಹುದು. ನೀವು ಬಂದ ವರ್ಷ ಇಲ್ಲಿ 183 ದಿನ ತುಂಬಿರದಿದ್ದರೆ ಆ ವರ್ಷಕ್ಕೆ ಸಾಮಾನ್ಯವಾಗಿ ಅನಿವಾಸಿಯ, ಅಂದರೆ ನಾನ್‌ರೆಸಿಡೆಂಟ್ ರಿಟರ್ನ್. ಎಚ್-1ಬಿಯವರಿಗೆ ಅದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ, ಅಮೆರಿಕದ ಸಂಸ್ಥೆಗೆ ಕೊಟ್ಟ ದೇಣಿಗೆಯನ್ನು ಪಟ್ಟಿ ಮಾಡಿ ಕಳೆಯಬಹುದು. ರಸೀದಿ ಎಸೆಯಬೇಡಿ.

ವೀಸಾಕ್ಕೆ ದೇಣಿಗೆಯಿಂದ ತೊಂದರೆಯಿಲ್ಲ. ಸಭೆಗೆ ಹೋಗುವುದು, ಮತ ಹಾಕುವುದು, ವಾರಾಂತ್ಯದಲ್ಲಿ ದಿನಸಿ ಜೋಡಿಸುವುದು ಸ್ವಯಂಸೇವೆ. ಸಂಸ್ಥೆ ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಪುಕ್ಕಟೆಯಾಗಿ ಮಾಡಲು ಹೊರಟರೆ, ಉದಾಹರಣೆಗೆ ಅವರ ವೆಬ್‌ಸೈಟ್ ಕಟ್ಟಿಕೊಡಲು, ಮೊದಲು ವಕೀಲರನ್ನು ಕೇಳಿ. ಎಚ್-4 (ಅವಲಂಬಿತರ ವೀಸಾ) ಮೇಲಿರುವ ನಿಮ್ಮ ಮನೆಯವರಿಗೂ ಇದೇ ಎಚ್ಚರ ಬೇಕು.

ಊರಿನ ಶಾಲೆಗೂ ಈ ಸರ್ಕಲ್‌ನಿಂದ ಕಳಿಸಬಹುದಾ ಎಂದು ಒಂದು ದಿನ ಯಾರಾದರೂ ಕೇಳುತ್ತಾರೆ. ಕೂಡಿಟ್ಟ ನಿಧಿ ಅಮೆರಿಕದ ಸಂಸ್ಥೆಯದ್ದು, ಅಂದರೆ ಭಾರತದ ದೃಷ್ಟಿಯಲ್ಲಿ ವಿದೇಶಿ ಮೂಲ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆಯ ಕಾನೂನು) ನೋಂದಣಿ ಇಲ್ಲದ ಸಂಸ್ಥೆ ಅದನ್ನು ತೆಗೆದುಕೊಳ್ಳುವಂತಿಲ್ಲ. ಭಾರತದ ಪಾಸ್‌ಪೋರ್ಟ್ ಇರುವ ನೀವು ಸ್ವಂತ ದುಡ್ಡನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಆ ತಡೆ ಇಲ್ಲ. ಎರಡನ್ನೂ ಬೇರೆಬೇರೆ ಇಟ್ಟುಕೊಳ್ಳಿ. ಗ್ರೀನ್ ಕಾರ್ಡಿನ ಸರದಿ ನಮ್ಮವರಿಗೆ ಹತ್ತು ವರ್ಷಕ್ಕೂ ಮೀರಿ ಹೋಗುತ್ತದೆ. ಅಷ್ಟು ಕಾಲ ನಿಮ್ಮ ಮಕ್ಕಳು ಓದುವ ಶಾಲೆ, ನೀವು ಹತ್ತುವ ಬಸ್ಸು ಇಲ್ಲಿಯವೇ, ಆದ್ದರಿಂದ ಸರ್ಕಲ್ ಹಣ ಇಲ್ಲಿಗೇ ಹೋಗಲಿ.

ಸಹೋದ್ಯೋಗಿಗೆ ಈ ವಾರವೇ ಐದು ಸಾಲು ಬರೆಯಿರಿ: ನಿಧಿ ಯಾರ ಹೆಸರಲ್ಲಿದೆ, ಅವರ ಇಐಎನ್ ಏನು, ಶುಲ್ಕ ಎಷ್ಟು, ಕಳೆದ ವರ್ಷ ಯಾವ ಸಂಸ್ಥೆಗೆ ಎಷ್ಟು ಹೋಯಿತು, ಸಭೆ ತಪ್ಪಿಸಿದರೆ ಅಥವಾ ನಡುವೆ ಬಿಟ್ಟರೆ ಏನು ನಿಯಮ. ಉತ್ತರ ಬಂದ ಮೇಲೆ ಮೊದಲ ಸಭೆಗೆ ಸುಮ್ಮನೆ ಅತಿಥಿಯಾಗಿ ಹೋಗಿ ಕೂತು ಬನ್ನಿ, ಚೆಕ್ ಪುಸ್ತಕ ಮನೆಯಲ್ಲೇ ಇರಲಿ.