ರಾಜಹಂಸದ ನೆಂಟರು ಯಾರು?

ಪ್ರಶ್ನೆ: ಮುಂಬೈ ಹತ್ತಿರದ ಐರೋಲಿಯಲ್ಲಿ ದೋಣಿ ಹತ್ತಿ ಥಾಣೆ ಖಾಡಿಯ ಫ್ಲೆಮಿಂಗೊಗಳನ್ನು, ಅಂದರೆ ರಾಜಹಂಸಗಳನ್ನು, ನೋಡಿ ಬಂದೆವು. ಉದ್ದ ಕಾಲು, ಉದ್ದ ಕತ್ತು ನೋಡಿ ಕೊಕ್ಕರೆಯ ಬಳಗ ಅಂದೆ. ಕಾಲೇಜಿಗೆ ಹೋಗುವ ಮಗಳು, “ಅಲ್ಲಮ್ಮ, ಗುಳುಮುಳುಕದ (ನೀರಲ್ಲಿ ಮುಳುಗೇಳುವ ಪುಟ್ಟ ಗ್ರೀಬ್ ಹಕ್ಕಿ) ಬಳಗ, ಡಿಎನ್‌ಎ ಹಾಗೆ ಹೇಳುತ್ತೆ” ಅನ್ನುತ್ತಾಳೆ. ಅದೇ ಡಿಎನ್‌ಎ ಒಮ್ಮೆ ಪಾರಿವಾಳವನ್ನೂ ಹತ್ತಿರ ತಂದಿತ್ತಂತೆ. ಯಾವುದನ್ನು ನಂಬೋದು?
– ಒಬ್ಬ ಓದುಗಿ, ಡೊಂಬಿವಲಿ

ಉತ್ತರ: ಗೆದ್ದದ್ದು ಮಗಳೇ, ತಾಯಿ. ನಾನು ಮುಲುಂಡಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದಾಗ ಪುಸ್ತಕಗಳು ನಿಮ್ಮ ಕಡೆಗೇ ಇದ್ದವು. ಕೆಲವು ಬಾತುಕೋಳಿಯ ಜೊತೆಗೂ ಸೇರಿಸುತ್ತಿದ್ದವು. ಕೆಸರಲ್ಲಿ ನಿಂತು ತಿನ್ನುವ ಯಾವ ಹಕ್ಕಿಗಾದರೂ ಉದ್ದ ಕಾಲು ಬೇಕು, ಅಲ್ವಾ? ಹಾಗಾಗಿ ಕಾಲು ನೋಡಿ ಸಂಬಂಧ ಹೇಳುವುದು ಕಷ್ಟ.

ಡಿಎನ್‌ಎಯಲ್ಲಿ ಮಾಡುವುದೇನೆಂದರೆ, ಬೇರೆ ಬೇರೆ ಹಕ್ಕಿಗಳ ಒಂದೇ ಜೀನಿನ ಅಕ್ಷರಗಳನ್ನು ಸಾಲಾಗಿ ಇಟ್ಟು ನೋಡುವುದು. ಎರಡರಲ್ಲಿ ಮಾತ್ರ ಒಂದೇ ತರಹದ ಬದಲಾವಣೆ ಮತ್ತೆ ಮತ್ತೆ ಸಿಕ್ಕರೆ, ಅದು ಅವುಗಳ ಹಿರೀಕನಿಂದ ಬಂದಿರುವ ಸಾಧ್ಯತೆ ಜಾಸ್ತಿ. 2001ರಲ್ಲಿ ಹೀಗೆ ನೋಡಿದಾಗ ರಾಜಹಂಸದ ಪಕ್ಕ ಬಂದು ನಿಂತದ್ದು ಗುಳುಮುಳುಕ! ಆಮೇಲೆ ದೇಹರಚನೆಯನ್ನೂ ಹುಡುಕಿದರು. ಎರಡರ ಮೊಟ್ಟೆಗೂ ಸುಣ್ಣ ಬಳಿದಂಥ ಹೊರಪದರ ಇದೆ.

ಇನ್ನು ಪಾರಿವಾಳ. 2014ರಲ್ಲಿ 48 ಜಾತಿಯ ಹಕ್ಕಿಗಳ ಪೂರ್ತಿ ಜೀನೋಮ್ (ಅಂದರೆ ಇಡೀ ಡಿಎನ್‌ಎ) ಹೋಲಿಸಿದವರು ಹಕ್ಕಿಗಳ ವಂಶವೃಕ್ಷದಲ್ಲಿ ಈ ಜೋಡಿಯನ್ನು ಪಾರಿವಾಳದ ಕೊಂಬೆಗೆ ಸೇರಿಸಿದ್ದರು. 2024ರಲ್ಲಿ 363 ಜಾತಿಗಳನ್ನು ನೋಡಿದಾಗ ಆ ಕೊಂಬೆ ಬಿಟ್ಟುಹೋಯಿತು. ಕಾರಣ ಮಜವಾಗಿದೆ. ಒಂದು ಕ್ರೋಮೋಸೋಮಿನ (ಜೀನುಗಳನ್ನು ಹೊತ್ತ ಡಿಎನ್‌ಎ ಎಳೆಯ) ಉದ್ದನೆಯ ತುಂಡೊಂದು ಬಹಳ ಹಿಂದೆ ಅದಲುಬದಲಾಗದೆ ಇಡಿಯಾಗಿ ದಾಟಿ ಬಂದಿತ್ತು. ಅದರಲ್ಲಿರುವ ಜೀನುಗಳೆಲ್ಲ ಪಾರಿವಾಳ ಅಂತಲೇ ಕೂಗುತ್ತವೆ. ಒಬ್ಬನೇ ಸಾಕ್ಷಿ ನೂರಾರು ಸಲ ಕಟಕಟೆಗೆ ಬಂದು ಹೋದ ಹಾಗೆ! ಸುಮಾರು 6.6 ಕೋಟಿ ವರ್ಷದ ಹಿಂದೆ ಡೈನೋಸಾರ್‌ಗಳು ಅಳಿದ ಆಸುಪಾಸಿನಲ್ಲಿ ಹಕ್ಕಿಗಳ ಕೊಂಬೆಗಳು ಬೇಗಬೇಗ ಒಡೆದವು. ನಡುವೆ ಬದಲಾವಣೆ ಕೂಡಿಕೊಳ್ಳಲು ಸಮಯವೇ ಸಾಲಲಿಲ್ಲ. ಅಂಥ ಕಡೆ ಒಂದು ತುಂಡಿನ ಕೂಗೂ ಲೆಕ್ಕ ತಪ್ಪಿಸುತ್ತದೆ.

ಗುಳುಮುಳುಕದ ನಂಟು ಮಾತ್ರ ಎರಡೂ ಸಲ ಅಲುಗಾಡಲಿಲ್ಲ. ಅದನ್ನು ನಂಬಿ. ಪವಯಿ ಕೆರೆಗೆ ಹೋದರೆ ಆ ಪುಟ್ಟ ನೆಂಟನನ್ನೂ ನೋಡಬಹುದು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಳುಗುತ್ತದೆ, ಬೈನಾಕ್ಯುಲರ್ ಇರಲಿ.

ಮಗಳಿಗೂ ಒಂದು ಪ್ರಶ್ನೆ ಹಾಕಿ: ಫಾಲ್ಕನ್ ಎಂಬ ಬೇಟೆಹಕ್ಕಿಗೆ ಹತ್ತಿರದ ನೆಂಟ ಹದ್ದೋ, ಗಿಳಿಯೋ? ಹದ್ದು ಅಂದರೆ ಈ ಸಲ ನೀವು ಗೆದ್ದಿರಿ.