ಪೊಂತೆ ದೆ ಲಿಮಾಕ್ಕೆ ಹೋಗೋ ಮೊದಲು ಅದು ಯಾವ ಸೋಮವಾರ ಅಂತ ನೋಡಿಕೊಳ್ಳಿ

ನೀವು ಕೇಳಿದ್ದು: "ಮೇ ತಿಂಗಳಲ್ಲಿ ಅಮ್ಮನನ್ನು ಕರೆದುಕೊಂಡು ಪೋರ್ಚುಗಲ್‌ನ ಪೋರ್ಟೊಗೆ ಹೋಗುತ್ತಿದ್ದೇನೆ. ಒಂದು ದಿನ ಖಾಲಿ ಇದೆ. ಪೊಂತೆ ದೆ ಲಿಮಾ ಅನ್ನೋ ಹಳೇ ಸಂತೆ ಊರಿಗೆ ಹೋಗಿಬರಬಹುದಾ? ಅಮ್ಮನಿಗೆ 68 ವರ್ಷ, ಮಂಡಿನೋವಿದೆ, ಶುದ್ಧ ಸಸ್ಯಾಹಾರಿ."

ಧಾರಾಳವಾಗಿ ಹೋಗಿ. ಆದರೆ ಸೋಮವಾರ ಹೋಗಿ, ಅದೂ ಸರಿಯಾದ ಸೋಮವಾರ. ತಪ್ಪು ಸೋಮವಾರ ಹೋಗಿ ಬೇಸ್ತು ಬಿದ್ದವನ ಮಾತು ಇದು.

ನಾನು ಕುಂದಾಪುರದ ಕಡೆಯವನು, ನಾಲ್ಕು ವರ್ಷದಿಂದ ಬ್ರಾಗಾದಲ್ಲಿ ಕೆಲಸ. ಅಲ್ಲಿಂದ ಪೊಂತೆ ದೆ ಲಿಮಾ 35 ಕಿಲೋಮೀಟರ್ ಆಸುಪಾಸು. "ನದೀ ದಂಡೆ ಮೇಲೆ ಸೋಮವಾರದ ಸಂತೆ, ನೋಡಲೇಬೇಕು" ಅಂತ ಆಫೀಸಿನಲ್ಲಿ ಯಾರೋ ಅಂದಿದ್ದೇ ತಡ, ರಜೆ ಹಾಕಿ ಬೆಳಿಗ್ಗೆಯೇ ಬಸ್ಸು ಹತ್ತಿದೆ. ಇಳಿದು ನೋಡಿದರೆ ದಂಡೆಯ ಮರಳಿನ ಮೇಲೆ ಸಾಲು ಸಾಲು ಕಾರು. ಸಂತೆಯ ಸುಳಿವೇ ಇಲ್ಲ. ಎದುರಿನ ಕಾಫಿ ಅಂಗಡಿಯವನನ್ನು ಕೇಳಿದೆ. ಆತ ಕಪ್ಪು ಒರೆಸುತ್ತಾ ತಲೆಯನ್ನೂ ಎತ್ತದೆ "ಕಿಂಜೆನಾಲ್" ಅಂದ. ಹದಿನೈದು ದಿನಕ್ಕೊಮ್ಮೆ ಅಂತ. ಸಂತೆ ಹಿಂದಿನ ವಾರವೇ ಆಗಿಹೋಗಿತ್ತು. ಹಾಗಾಗಿ ಸಂತೆಯ ದಿನಾಂಕವನ್ನು ಅಲ್ಲಿನ ಪುರಸಭೆಯ ಜಾಲತಾಣದಲ್ಲಿ ನೋಡಿಕೊಂಡೇ ಟಿಕೆಟ್ ತೆಗೆಯಿರಿ.

ಸಂತೆಗೆ ಇಷ್ಟು ಒತ್ತು ಯಾಕೆ ಅಂದರೆ, ಈ ಊರು ಊರಾಗಿದ್ದೇ ಸಂತೆ ಮತ್ತು ಸೇತುವೆಯಿಂದ. ಪೊಂತೆ ಅಂದರೆ ಸೇತುವೆ, ಲಿಮಾ ಅನ್ನೋದು ನದಿಯ ಹೆಸರು. 1125ರ ಮಾರ್ಚ್ 4ರಂದು ಈ ಸೀಮೆಯನ್ನು ಆಳುತ್ತಿದ್ದ ರಾಣಿ ದೋನಾ ತೆರೇಜಾ ಈ ಊರಿಗೆ ಸನದು, ಅಂದರೆ ಹಕ್ಕುಪತ್ರ, ಕೊಟ್ಟಳು. ಆಗ ಪೋರ್ಚುಗಲ್ ಅನ್ನೋ ರಾಜ್ಯವೇ ಇರಲಿಲ್ಲ. ಅವಳ ಮಗ ಅಫೊನ್ಸೊ ಹೆನ್ರಿಕೆಸ್ ಮುಂದೆ ಆ ದೇಶದ ಮೊದಲ ರಾಜನಾದ. ಆ ಸನದಿನಲ್ಲೇ ಸಂತೆಯ ಮಾತು ಬರುತ್ತದೆ: ಸಂತೆಗೆ ಬರುವವರಿಗೆ ಬರುವಾಗಲಾಗಲಿ ಹೋಗುವಾಗಲಾಗಲಿ ಯಾರಾದರೂ ತೊಂದರೆ ಕೊಟ್ಟರೆ 60 ಸೋಲ್ದು (ಆಗಿನ ಹಣ) ದಂಡ. ಒಂಬೈನೂರು ವರ್ಷದ ಹಿಂದೆ ಕೋಳಿ ಮಾರೋಕೆ ಹೊರಟವನ ಬೆನ್ನಿಗೆ ರಾಣಿ ನಿಂತಿದ್ದಳು ಅನ್ನಿ. ಊರು ಇವತ್ತಿಗೂ ನಗರ ಅನ್ನೋ ಪಟ್ಟ ತೆಗೆದುಕೊಂಡಿಲ್ಲ. ಪೋರ್ಚುಗಲ್‌ನ ಅತಿ ಹಳೆಯ 'ವಿಲಾ', ಅಂದರೆ ಪಟ್ಟಣ, ಅನ್ನಿಸಿಕೊಳ್ಳೋದರಲ್ಲೇ ಅವರಿಗೆ ಹೆಮ್ಮೆ.

ಇನ್ನೊಂದು ತಮಾಷೆ. ಪೋರ್ಚುಗೀಸರ ಸೋಮವಾರದ ಹೆಸರು 'ಸೆಗುಂದ ಫೆಯ್ರಾ'. ಸಂತೆಗೂ ಅವರು ಹೇಳೋದು 'ಫೆಯ್ರಾ' ಅಂತಲೇ. ಚಂದ್ರ, ಮಂಗಳ, ಬುಧ ಅಂತ ಗ್ರಹಗಳ ಹೆಸರಲ್ಲಿದ್ದ ವಾರಗಳನ್ನು ಕಿತ್ತುಹಾಕಿ ಎರಡನೆಯದು, ಮೂರನೆಯದು ಅಂತ ಲೆಕ್ಕ ಹಚ್ಚಿದ್ದಕ್ಕೆ 6ನೇ ಶತಮಾನದಲ್ಲಿ ನಮ್ಮ ಬ್ರಾಗಾದಲ್ಲಿ ಬಿಷಪ್ ಆಗಿದ್ದ ಮಾರ್ಟಿನ್ ಕಾರಣ ಅಂತಾರೆ. ಹಾಗಾಗಿ ಇಲ್ಲಿ "ಸೋಮವಾರದ ಸಂತೆ" ಅಂದರೆ ಫೆಯ್ರಾ ದಿನದ ಫೆಯ್ರಾ.

ಎರಡನೇ ಸಲ ಸರಿಯಾದ ಸೋಮವಾರ ಹೋದೆ. ಹಿಂದಿನ ಸಲ ಕಾರು ನಿಂತಿದ್ದ ಮರಳೆಲ್ಲ ಡೇರೆಗಳಿಂದ ತುಂಬಿಹೋಗಿತ್ತು. ಅರ್ಧಕ್ಕರ್ಧ ಬಟ್ಟೆ, ಚಪ್ಪಲಿ, ಪರದೆ, ಒಳಉಡುಪು. ಇದನ್ನು ನೋಡಿ "ಇಷ್ಟೇನಾ" ಅಂತ ವಾಪಸ್ ಹೊರಡಬೇಡಿ, ಮುಂದಕ್ಕೆ ನಡೀತಾ ಹೋಗಿ. ಕತ್ತಿ, ಗುದ್ದಲಿ, ಬುಟ್ಟಿ, ಮಣ್ಣಿನ ಪಾತ್ರೆ, ಪಂಜರದಲ್ಲಿ ಕೋಳಿ, ಮೊಲ, ಉಪ್ಪು ಹಾಕಿ ಒಣಗಿಸಿದ ಕಾಡ್ ಅನ್ನೋ ಸಮುದ್ರದ ಮೀನು ಎಲ್ಲ ಬರುತ್ತೆ. ಆ ಮೀನಿನ ವಾಸನೆಗೆ ನನಗೆ ಗಂಗೊಳ್ಳಿ ನೆನಪಾಯಿತು. ನಿಮ್ಮಮ್ಮ ಮಾತ್ರ ಮೂಗು ಮುಚ್ಚಿಕೊಂಡಾರು, ಆ ಸಾಲು ಬಳಸಿ ಹೋಗಿ.

ನನ್ನ ಕಾಲು ನಿಂತಿದ್ದು ಸಸಿ ಮಾರೋರ ಹತ್ತಿರ. ಒಬ್ಬಳು ಅಜ್ಜಿ ಕೌವೆ ಸಸಿಗಳನ್ನು ಕಂತೆ ಕಟ್ಟಿ ಇಟ್ಟಿದ್ದಳು. ಕೌವೆ ಅಂದರೆ ಕೋಸಿನ ಜಾತಿ, ಆದರೆ ಗಡ್ಡೆ ಕಟ್ಟೋದಿಲ್ಲ, ದಂಟಿನ ಮೇಲೆ ಅಗಲ ಎಲೆ ಬಿಡುತ್ತದೆ. ಈ ಕಡೆ ಪ್ರತಿ ಮನೆ ಹಿತ್ತಿಲಲ್ಲೂ ಆಳೆತ್ತರ ಬೆಳೆದು ನಿಂತಿರುತ್ತೆ, ಕೆಳಗಿನ ಎಲೆ ಕಿತ್ತಂತೆಲ್ಲ ಮೇಲೆ ಹೋಗುತ್ತೆ. ಅಜ್ಜಿ ಒಂದೊಂದು ಕಂತೆಯ ಬೇರಿಗೂ ಒದ್ದೆ ಪೇಪರ್ ಸುತ್ತಿ, ಹುರಿಯಿಂದ ಬಿಗಿದು, ಬಾಲ್ದಿಯ ನೀರಲ್ಲಿ ಅದ್ದಿ ಕೊಡುತ್ತಿದ್ದಳು. ನಾನು ಸುಮ್ಮನೆ ನೋಡುತ್ತಾ ನಿಂತಿದ್ದಕ್ಕೆ "ಫಿಲ್ಯೊ, ಹಿತ್ತಿಲು ಇದೆಯಾ?" ಅಂದಳು. ಮಗಾ ಅಂದ ಹಾಗೆ. ಇಲ್ಲ, ನಾಲ್ಕನೇ ಮಹಡಿ ಅಂದೆ. ಹಾಗಿದ್ದರೆ ದಾರಿ ಬಿಡು ಅಂತ ಕೈ ಬೀಸಿದಳು.

ಅಲ್ಲೇ ಇನ್ನೊಂದು ಖುಷಿ ಇದೆ, ಕರಾವಳಿಯವರಿಗೂ ಉತ್ತರ ಕರ್ನಾಟಕದವರಿಗೂ. ಆ ಬಾಲ್ದಿಗೆ ಅಜ್ಜಿ ಅಂದಿದ್ದು 'ಬಾಲ್ದ'. ಪಕ್ಕದ ಮೂಟೆಯಲ್ಲಿದ್ದ ಬಟಾಟೆಗೆ 'ಬತಾತ'. ಬೀಗದ ಅಂಗಡಿಯಲ್ಲಿ ಚಾವಿಗೆ 'ಶಾವ್'. ದುಡ್ಡು ಕೊಡೋದಕ್ಕೆ 'ಪಗಾರ್', ನಾವು ತಿಂಗಳ ಕೊನೆಗೆ ಕಾಯೋ ಪಗಾರ ಅದೇ. ಅಮ್ಮನಿಗೆ ಮೊದಲೇ ಹೇಳಿಡಿ, ಕಿವಿಗೊಟ್ಟು ಹುಡುಕುತ್ತಾರೆ. ಭಾಷೆ ಬರದ ಸಂತೆಯಲ್ಲಿ ಅದೇ ಒಂದು ಆಟ.

ಹತ್ತು ಗಂಟೆಯೊಳಗೆ ಅಲ್ಲಿರೋ ಹಾಗೆ ನೋಡಿಕೊಳ್ಳಿ, ಮಧ್ಯಾಹ್ನದ ಮೇಲೆ ಹೋದರೆ ಸಾಮಾನು ಕಟ್ಟೋದನ್ನು ನೋಡಬೇಕಾಗುತ್ತೆ. ಊರಿಗೆ ರೈಲಿಲ್ಲ. ಪೋರ್ಟೊದಿಂದ 90 ಕಿಲೋಮೀಟರ್ ಹತ್ತಿರ ದೂರ, ಬಸ್ಸಿನಲ್ಲಿ ಒಂದೂವರೆಯಿಂದ ಎರಡು ಗಂಟೆ. ವಾಪಸು ಬಸ್ಸಿನ ಸಮಯ ಹೊರಡೋ ಮೊದಲೇ ನೋಡಿಡಿ. ಕಾರು ತೆಗೆದುಕೊಂಡರೆ ಸಂತೆಯ ದಿನ ನಿಲ್ಲಿಸೋ ಜಾಗಕ್ಕೆ ಪರದಾಟ.

ಸಂತೆ ಆದಮೇಲೆ ಸೇತುವೆ. ಕಾಲು ಕಿಲೋಮೀಟರಿಗೂ ಉದ್ದ, ನಡೆಯೋರಿಗೆ ಮಾತ್ರ. ಕಲ್ಲು ಹಾಸಿದ ದಾರಿ, ಹೆಚ್ಚುಕಮ್ಮಿ ಸಮತಟ್ಟು. ಮೆಲ್ಲಗೆ ನಡೆದರೆ ಮಂಡಿಗೆ ತೊಂದರೆ ಆಗಲಿಕ್ಕಿಲ್ಲ. ನೀರಿನ ಮೇಲಿನ ಕಮಾನುಗಳು ಮಧ್ಯಯುಗದವು. ಬಹಳ ಜನ ಅಲ್ಲೇ ಫೋಟೋ ತೆಗೆದು ಹಿಂದಿರುಗುತ್ತಾರೆ. ನೀವು ಪೂರ್ತಿ ದಾಟಿ. ಆ ತುದಿಯಲ್ಲಿ, ಹಳೇ ಗೋಪುರದ ಚರ್ಚಿನ ಹತ್ತಿರ ಇರೋ ಗಿಡ್ಡ ಕಮಾನುಗಳು ರೋಮನ್ನರ ಕಾಲದವು. ಬ್ರಾಗಾದಿಂದ ಸ್ಪೇನಿನ ಅಸ್ತೋರ್ಗಾಕ್ಕೆ ಹೋಗುತ್ತಿದ್ದ ರೋಮನ್ ಹೆದ್ದಾರಿ ಇಲ್ಲೇ ನದಿ ದಾಟುತ್ತಿತ್ತು. ನದಿ ಪಕ್ಕಕ್ಕೆ ಸರಿದಿದ್ದರಿಂದ ಆ ಕಮಾನುಗಳು ಈಗ ಹೆಚ್ಚುಕಮ್ಮಿ ಒಣನೆಲದಲ್ಲಿ ನಿಂತಿವೆ. ಹುಲ್ಲಿಗೆ ಇಳಿದು ಕಲ್ಲು ಮುಟ್ಟಿ ನೋಡಬಹುದು.

ಈ ನದಿಗೆ ಒಂದು ಕತೆಯಿದೆ. ಗ್ರೀಕರಲ್ಲಿ ಸತ್ತವರ ಲೋಕದ ನದಿಯೊಂದು ಲೀಥಿ. ನಮ್ಮ ವೈತರಣಿಯ ಹಾಗೆ ಪಾಪದ ಲೆಕ್ಕ ಕೇಳೋ ನದಿಯಲ್ಲ, ಅದರ ನೀರು ಕುಡಿದರೆ ಎಲ್ಲ ಮರೆತುಹೋಗುತ್ತದೆ. ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಇಲ್ಲಿಗೆ ಬಂದ ರೋಮನ್ ಸೈನಿಕರು ಇದೇ ಲೀಥಿ ಅಂತ ಹೆದರಿ ದಾಟಲು ಒಪ್ಪಲಿಲ್ಲವಂತೆ. ಸೇನಾಪತಿ ದೆಸಿಮುಸ್ ಬ್ರೂಟಸ್ ತಾನೇ ಬಾವುಟ ಹಿಡಿದು ದಾಟಿ, ಆ ದಡದಿಂದ ಒಬ್ಬೊಬ್ಬನ ಹೆಸರು ಹಿಡಿದು ಕೂಗಿದನಂತೆ. ನನಗೆ ನಿಮ್ಮೆಲ್ಲರ ನೆನಪಿದೆ, ಬನ್ನಿ ಅಂತ. (ಸೀಸರನನ್ನು ಇರಿದ ಬ್ರೂಟಸ್ ಅಲ್ಲ, ಇವನು ಅದಕ್ಕೂ ತೊಂಬತ್ತು ವರ್ಷ ಹಿಂದಿನವನು.) ಈಗ ಊರಿನ ದಡದಲ್ಲಿ ಸೈನಿಕರ ಪ್ರತಿಮೆಗಳ ಸಾಲು, ಆಚೆ ದಡದಲ್ಲಿ ಕುದುರೆ ಮೇಲೆ ಅವನು. ಪ್ರತಿಮೆಗಳು ಚೆಂದವೇನಲ್ಲ, ನಾಟಕದ ಕಂಪನಿಯ ಸಾಮಾನಿನ ಹಾಗಿವೆ. ಆದರೆ ನಡುವೆ ನದಿ ಬಿಟ್ಟು ನಿಲ್ಲಿಸಿದವರ ಬುದ್ಧಿಗೆ ಶಹಭಾಸ್ ಅನ್ನಬೇಕು.

ಸೇತುವೆ ಮೇಲೆ ಬೆನ್ನಿಗೆ ಚೀಲ, ಚೀಲಕ್ಕೆ ಚಿಪ್ಪು ಕಟ್ಟಿಕೊಂಡವರು ಕಂಡರೆ ಅವರು ಸ್ಪೇನಿನ ಸಾಂತಿಯಾಗೊ ಅನ್ನೋ ಪುಣ್ಯಕ್ಷೇತ್ರಕ್ಕೆ ನಡೆದು ಹೋಗೋ ಯಾತ್ರಿಕರು. ಹಳದಿ ಬಾಣದ ಗುರುತು ಹಿಡಿದು ನಡೆಯುತ್ತಾರೆ, ಇಲ್ಲಿಂದ ಇನ್ನೂ 150 ಕಿಲೋಮೀಟರ್ ಆಸುಪಾಸು ಉಳಿದಿರುತ್ತೆ. "ಬೊಂ ಕಮಿನ್ಯೊ" (ದಾರಿ ಶುಭವಾಗಲಿ) ಅನ್ನಿ, ಮುಖ ಅರಳುತ್ತೆ.

ಊರೊಳಗೆ ನೋಡೋದು ಎರಡು ಗಂಟೆಯ ಕೆಲಸ. ಕಾರಂಜಿ ಇರೋ ಚೌಕ, ದೊಡ್ಡ ಚರ್ಚು, ಕೋಟೆ ಹೋಗಿ ಉಳಿದ ಎರಡು ಗೋಪುರ. ಒಂದು ಹಳೇ ಜೈಲು. ಇನ್ನೊಂದು, ಸಾವ್ ಪಾವ್ಲು ಗೋಪುರದ ಮೇಲಿರೋ ನೀಲಿ ಹೆಂಚಿನ ಚಿತ್ರವನ್ನು ತಪ್ಪಿಸಬೇಡಿ. ಅದೇ ಅಫೊನ್ಸೊ ಹೆನ್ರಿಕೆಸ್ ದೂರದಲ್ಲಿ ಏನೋ ಕದಲೋದು ಕಂಡು, ಮೂರ್ ಜನರ (ಆಗ ಅವನ ವೈರಿಗಳಾಗಿದ್ದ ಮುಸ್ಲಿಮರ) ಸೈನ್ಯ ಬಂತು ಅಂತ ಸಜ್ಜಾದನಂತೆ. ಜೊತೆಯವನು ಮೆಲ್ಲಗೆ "ಕಾಬ್ರಾಸ್ ಸಾವ್, ಸೆನ್ಯೋರ್" ಅಂದನಂತೆ. ಆಡು, ಸ್ವಾಮಿ. ಹತ್ತಿರದ ಒಂದು ಹಳ್ಳಿಗೆ ಕಬ್ರಸಾವ್ ಅಂತಲೇ ಹೆಸರು. ರಾಜ್ಯ ಕಟ್ಟಿದವನ ಪೇಚನ್ನು ಗೋಪುರದ ಮೇಲೆ ಬರೆಸಿಟ್ಟುಕೊಂಡ ಊರು ನನಗಂತೂ ಬೇರೆ ಗೊತ್ತಿಲ್ಲ.

ಸೋಮವಾರ ಪೋರ್ಚುಗಲ್‌ನಲ್ಲಿ ಬಹುತೇಕ ಮ್ಯೂಸಿಯಂಗಳಿಗೆ ಬೀಗ. ಇಲ್ಲಿ ಆಟಿಕೆಗಳದ್ದೊಂದು ಮ್ಯೂಸಿಯಂ ಇದೆ, ಅದರ ಆಸೆ ಬಿಡಿ. ನನ್ನನ್ನು ಕೇಳಿದರೆ ಸಂತೆಗಾಗಿ ಮ್ಯೂಸಿಯಂ ಬಿಟ್ಟರೆ ನಷ್ಟವಿಲ್ಲ.

ಊಟದ ವಿಷಯಕ್ಕೆ ಎಚ್ಚರ. ಇಲ್ಲಿನ ಹೆಸರುವಾಸಿ ಅಡುಗೆ 'ಅರ್ರೋಸ್ ದೆ ಸರ್ರಬುಲ್ಯು'. ಅರ್ರೋಸ್ ಅಂದರೆ ಅನ್ನ ಅಂತ ಖುಷಿಯಾಗಿ ಹೇಳಿಬಿಟ್ಟೀರಿ, ಅದು ಹಂದಿಯ ರಕ್ತ, ಮಾಂಸ ಹಾಕಿ ಬೇಯಿಸಿದ ಅನ್ನ. 'ಕಾಲ್ದು ವೆರ್ದ್' ಅನ್ನೋ ಹಸಿರು ಸೂಪು ಮೂಲತಃ ಬಟಾಟೆ ಗಂಜಿಗೆ ಅಜ್ಜಿ ಮಾರುತ್ತಿದ್ದಳಲ್ಲ, ಅದೇ ಕೌವೆ ಎಲೆಯನ್ನು ಕೂದಲೆಳೆಯ ಹಾಗೆ ಹೆಚ್ಚಿ ಹಾಕಿದ್ದು. ಆದರೆ ಮೇಲೆ ಒಂದು ಬಿಲ್ಲೆ ಹಂದಿ ಸಾಸೇಜ್ ತೇಲಿಬಿಡುತ್ತಾರೆ. ಬಿಲ್ಲೆ ಬೇಡ ಅಂದರೂ ಅದೇ ಪಾತ್ರೆಯಲ್ಲಿ ಬೆಂದಿರಬಹುದು. ಸಿಹಿ ತಿನ್ನೋಣ ಅಂದರೆ 'ಲೈತ್ ಕ್ರೆಮ್' ಸೇರಿ ಹೆಚ್ಚಿನದಕ್ಕೆ ಮೊಟ್ಟೆಯ ಹಳದಿ. ಅಮ್ಮ ಮೊಟ್ಟೆಯನ್ನೂ ಮುಟ್ಟದವರಾದರೆ ಸಂತೆಯಲ್ಲೇ 'ಬ್ರೋವಾ' ಕೊಳ್ಳಿ. ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ರೊಟ್ಟಿ, ಸಿಪ್ಪೆ ಸೀಳಿರುತ್ತೆ, ಒಳಗೆ ಮೆತ್ತಗೆ ತೇವ. ಜೊತೆಗೆ ಚೀಸ್, ಟೊಮೆಟೊ, ಸೂಪರ್‌ಮಾರ್ಕೆಟಿನ ಮೊಸರು, ಮನೆಯಿಂದ ತಂದ ಚಟ್ನಿಪುಡಿ. ನದಿ ಪಕ್ಕದಲ್ಲಿ ಪ್ಲಾತನು ಮರಗಳ ಉದ್ದದ ಸಾಲಿದೆ, ಬೆಂಚುಗಳೂ ಇವೆ. ಅಲ್ಲಿ ಕೂತು ಉಂಡರೆ ಯಾವ ಹೋಟೆಲೂ ಬೇಡ. ಕೊಡೆ ಇರಲಿ, ಈ ಮೀನ್ಯೊ ಸೀಮೆ ಇಷ್ಟು ಹಸಿರಾಗಿರೋದು ಪುಕ್ಕಟೆಗಲ್ಲ.

ಸಸಿ, ಬೀಜ ಏನೂ ಕೊಳ್ಳಬೇಡಿ, ಭಾರತಕ್ಕೆ ಹಾಗೆಲ್ಲ ತರೋ ಹಾಗಿಲ್ಲ. ಅಮ್ಮನಿಗೆ ಏನಾದರೂ ತೆಗೆದುಕೊಡಬೇಕು ಅಂತಿದ್ದರೆ ಈ ಸೀಮೆಯ 'ಪ್ರೇಮಿಗಳ ಕರವಸ್ತ್ರ' ನೋಡಿ. ಬಿಳಿ ಬಟ್ಟೆಯ ಮೇಲೆ ಹಕ್ಕಿ, ಹೂವು, ಹೃದಯ, ಜೊತೆಗೆ ಎರಡು ಸಾಲು ಪದ್ಯದ ಕಸೂತಿ. ಹಳ್ಳಿ ಹುಡುಗಿಯರು ತಾವು ಒಪ್ಪಿದ ಹುಡುಗನಿಗೆ ಹೊಲಿದು ಕೊಡುತ್ತಿದ್ದದ್ದು. ಓದು ಬರಹ ಅಷ್ಟಕ್ಕಷ್ಟೇ ಆಗಿದ್ದರಿಂದ ಮಾತಾಡಿದ ಹಾಗೇ ಹೊಲಿದರು, ಕಾಗುಣಿತವೆಲ್ಲ ತಪ್ಪು. ಇವತ್ತು ಹೊಲಿಯೋರೂ ಆ ತಪ್ಪುಗಳನ್ನು ಹಾಗೇ ಉಳಿಸುತ್ತಾರೆ. ಅಂಗಡಿಯವರು ಎರಡು ಮೂರು ತೋರಿಸಿದರೆ, ತಪ್ಪು ಜಾಸ್ತಿ ಇರೋದನ್ನೇ ಆರಿಸಿ.